ಗಂಗತ್ತೆ ಬಿಚ್ಚಿಸಿದ ಕಾರು

ಆಗೆಲ್ಲ ನಮ್ಮ ಕಡೆ ಮನೆಯ ಮುಂದೆ ಕಾರು ನಿಂತಿದ್ದರೆ ಸಾಕಿತ್ತು. ಅದು ಓಡುತ್ತದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಚಚಡಿಯ ಹತ್ತಿರದ ನಮ್ಮೂರಿನಲ್ಲಿ ಕಾರಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹತ್ತಿ ವ್ಯಾಪಾರ ಕೈಹಿಡಿದಿದ್ದಾಗ ಮುತ್ಯಾ, ಅಂದರೆ ನನ್ನ ಅಜ್ಜ, ಕೊಂಡದ್ದು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅದರ ಇಂಜಿನ್ ಸತ್ತು, ಬೇವಿನ ಗಿಡದ ಕೆಳಗೆ ನಿಂತುಬಿಟ್ಟಿತ್ತು.

ನಮಗೆ ಮಕ್ಕಳಿಗೆ ಅದೇ ಬಸ್ಸು. ನಾನು ಡ್ರೈವರ್, ತಮ್ಮ ಕಂಡಕ್ಟರ್. "ಮುನವಳ್ಳಿ, ಮುನವಳ್ಳಿ! ಲಗೂನ ಹತ್ರಿ!" ಎಂದು ಅವನು ಕೂಗುತ್ತಿದ್ದ. ಬಿಸಿಲಿಗೆ ಕಾದ ರೆಕ್ಸಿನ್, ಹಳೆಯ ಎಣ್ಣೆ, ಹಿಂದಿನ ಸೀಟಿನಲ್ಲಿ ಮರಿ ಹಾಕಿದ ಬೆಕ್ಕು, ಎಲ್ಲ ಸೇರಿದ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

ನಮ್ಮದು ಶಿಸ್ತಿನ ಮನೆ. ಹೊತ್ತು ಮೂಡುವ ಮೊದಲು ಹಾಸಿಗೆ ಸುತ್ತಬೇಕು, ಸ್ನಾನವಾಗದೆ ರೊಟ್ಟಿಯಿಲ್ಲ, ಯಾವ ವಸ್ತುವೂ ಸುಮ್ಮನೆ ಬಿದ್ದಿರುವಂತಿಲ್ಲ. ಹಳೆಯ ಸೀರೆ ಕೌದಿಯಾಗುತ್ತಿತ್ತು, ಧೋತರ ತೊಟ್ಟಿಲಿಗೆ ಹೋಗುತ್ತಿತ್ತು, ಮುರಿದ ನೇಗಿಲು ಒಲೆಗೆ. ಕಾರಿಗೆ ಮಾತ್ರ ಈ ಕಾಯಿದೆ ಇರಲಿಲ್ಲ. ಮಹಾನವಮಿಗೆ ಅದಕ್ಕೆ ಹಾರ, ಕುಂಕುಮ, ತೆಂಗಿನಕಾಯಿ.

"ಸೀರಿ ಹರದ್ರ ಕೌದಿ ಹೊಲಿತೀವಿ, ಕಾರ್ ಸತ್ರ ಹಾರ ಹಾಕ್ತೀವಿ. ಯಾ ಊರ ನ್ಯಾಯ ಇದು?" ಎಂದು ಒಂದು ವರ್ಷ ಕೇಳಿಯೇಬಿಟ್ಟಳು ಗಂಗತ್ತೆ. ಮುತ್ಯಾನ ಕಿರಿಯ ಮಗಳು, ನನ್ನ ಸೋದರತ್ತೆ.

"ಅದು ಮನಿ ಮರ್ಯಾದಿ ಐತಿ. ನಿನಗೇನ್ ತಿಳೀತೈತಿ?" ಎಂದ ಮುತ್ಯಾ.

ಆ ಸುಗ್ಗಿಗೆ ಮುಂಚೆ ಗಂಗತ್ತೆಯನ್ನು ನೋಡಲು ಗಂಡಿನ ಕಡೆಯವರು ಬರುವುದೆಂದಾಯಿತು. ಮುತ್ಯಾ ಬೆಳಿಗ್ಗೆಯೇ ಆಳುಗಳಿಂದ ಕಾರನ್ನು ದೂಡಿಸಿ, ಮೋರೆ ರಸ್ತೆಗೆ ತಿರುಗಿಸಿ ನಿಲ್ಲಿಸಿದ. ಈಗಷ್ಟೇ ಬಂದು ನಿಂತ ಹಾಗೆ! "ಯಾರರ ಕೇಳಿದ್ರ ಡ್ರೈವರ್ ಊರಿಗೆ ಹೋಗ್ಯಾನ ಅನ್ರಿ," ಎಂದು ನಮಗೆಲ್ಲ ಪಾಠ ಹೇಳಿಕೊಟ್ಟ.

ಬಂದವರು ಪಡಸಾಲೆಯಲ್ಲಿ ಕುಳಿತು ಹಚ್ಚಿದ ಅವಲಕ್ಕಿ, ಶೇಂಗಾ ಉಂಡಿ ತಿಂದರು. ಹುಡುಗಿ ಒಪ್ಪಿಗೆ ಎಂದರು. ಏಳುವ ಹೊತ್ತಿಗೆ ಬಸ್ಸು ಹೋಗಿಬಿಟ್ಟಿತ್ತು.

"ಬಸ್ ಹೋದ್ರ ಹೋಗ್ಲಿ ಬಿಡ್ರಿ," ಎಂದ ಗಂಡಿನ ತಂದೆ. "ನಿಮ್ಮ ಕಾರ್ ಐತೆಲ್ಲ, ಸವದತ್ತಿ ತನಕ ಬಿಟ್ಟು ಬರ್ರಿ."

"ಡ್ರೈವರ್ ಊರಿಗೆ ಹೋಗ್ಯಾನ್ರಿ."

"ಏನಾತು? ನಮ್ಮ ಹುಡುಗಗ ನಡಸಾಕ ಬರ್ತೈತಿ."

ಮುತ್ಯಾನ ಮುಖ ಬೆವರಿತು. "ಕೀಲಿ ಅವನ ಕಡೆನ ಉಳದೈತ್ರಿ..."

ಚಹಾದ ಬಟ್ಟಲು ತೆಗೆಯುತ್ತಿದ್ದ ಗಂಗತ್ತೆ ನೆಟ್ಟಗೆ ನಿಂತಳು. "ಕೀಲಿ ಗೂಟಕ್ಕ ಐತ್ರಿ. ಆದ್ರ ಕಾರು ಸತ್ತು ಭಾಳ ದಿನ ಆತು."

ಗಂಡಿನ ತಂದೆ ಹೆಗಲ ಮೇಲಿನ ಟವೆಲ್ ಕೊಡವಿ ಎದ್ದ. "ಕಾರಿದ್ದ ಮನಿ ಅಂತ ಬಂದಿದ್ವಿ. ಈ ಸಂಬಂಧ ನಮಗ ಬ್ಯಾಡ."

"ಹಂಗಾರ ಕಾರಿಗೇ ತಾಳಿ ಕಟ್ಟಿಸ್ರಿ," ಎಂದಳು ಅತ್ತೆ. "ಅದು ಎದುರು ಮಾತಾಡಂಗಿಲ್ಲ."

ಅವರು ನಡೆದುಕೊಂಡೇ ಹೋದರು. ಮುತ್ಯಾ ಅಂದು ಊಟ ಬಿಟ್ಟ. ಹೆಣ್ಣುಮಗಳ ಬಾಳು ತಾನೇ ಕೆಡಿಸಿಕೊಂಡಳೆಂದು ಓಣಿಯೆಲ್ಲ ಗುಸುಗುಸು. ಗಂಗತ್ತೆ ಮರುದಿನ ಬೆಳಿಗ್ಗೆ ಎಂದಿನಂತೆ ಅಂಗಳ ಗುಡಿಸಿ, ತಲೆಬಾಗಿಲು ಸಾರಿಸಿ, ಊರ ಕಂಬಾರನನ್ನು ಕರೆಸಿದಳು.

ಮುತ್ಯಾ ಬಡಿಗೆ ಹಿಡಿದು ಬಂದ. "ಮುಟ್ಟಿದ್ರ ನೋಡು!"

"ಅಪ್ಪಾ, ಇದು ಇಲ್ಲಿ ಇರೂತನಕ ಬಂದವರ ಮುಂದೆಲ್ಲ ನೀ ಸುಳ್ಳು ಹೇಳಬೇಕು. ನಿನ್ನ ಬಾಯಾಗ ಸುಳ್ಳು ನಾ ಇನ್ನೊಮ್ಮೆ ಕೇಳಾಕಿ ಅಲ್ಲ."

ಮುತ್ಯಾ ಬಡಿಗೆಯನ್ನು ಗೋಡೆಗೆ ಒರಗಿಸಿದ. ಆಮೇಲೆ ಕಟ್ಟೆಯ ಮೇಲೆ ಕುಳಿತು, ಯಾರ ಮುಖವನ್ನೂ ನೋಡದೆ ಕಂಬಾರನಿಗೆ ಹೇಳಿದ: "ಪಾಟಾ ಹುಷಾರಿಲೆ ಬಿಚ್ಚೋ. ಚೊಲೋ ಉಕ್ಕು ಅದು."

ಆ ವಾರವೆಲ್ಲ ನಮಗೆ ಹಬ್ಬ. ಕಾರಿನ ತೂಕ ಹೊರುತ್ತಿದ್ದ ಉಕ್ಕಿನ ಪಾಟಾಗಳು ಕುಲುಮೆಯಲ್ಲಿ ಕೆಂಪಾಗಿ, ಸುತ್ತಿಗೆಯ ಏಟಿಗೆ ಬಾಗಿ, ಕುಡುಗೋಲುಗಳಾದವು. ಗಾಲಿಗಳು ನಮ್ಮ ಬಂಡಿಯ ಕೆಳಗೆ ಹೋದವು. ಎತ್ತುಗಳು ಹತ್ತಿಯ ಹೇರನ್ನು ಬೈಲಹೊಂಗಲಕ್ಕೆ ಹಗುರಾಗಿ ಎಳೆದವು. ಹೆಚ್ಚುವರಿ ಟೈರು ಚಪ್ಪಲಿಯಾಯಿತು, ಕಿಟಕಿಯ ಗಾಜು ಅಡುಗೆಮನೆಗೆ ಬೆಳಕು ತಂದಿತು. ಉಳಿದ ತಗಡು ಸವದತ್ತಿಯ ಗುಜರಿಗೆ. ಬೆಕ್ಕು ಮಾತ್ರ ಮರಿಗಳನ್ನು ಕಚ್ಚಿಕೊಂಡು, ನಮ್ಮೆಲ್ಲರ ಮೇಲೆ ಸಿಟ್ಟಾಗಿ ಅಟ್ಟ ಸೇರಿತು. ಮುಂದಿನ ವರ್ಷ ರಾಮದುರ್ಗದ ಕಡೆಯ ಒಕ್ಕಲುತನದ ಮನೆಯವರು ಅತ್ತೆಯನ್ನು ಕೇಳಿಕೊಂಡು ಬಂದರು. ಎದುರು ಮಾತಾಡುವ ಹುಡುಗಿ ಎಂದು ತಿಳಿದೇ ಬಂದಿದ್ದರು.

ಈಗ ಬೈಲಹೊಂಗಲದ ನನ್ನ ಓಣಿಯಲ್ಲಿ ಸತ್ತ ಕಾರುಗಳ ಸಾಲೇ ಇದೆ. ಟೈರು ಕುಸಿದಿವೆ, ಎಣ್ಣೆ ಸೋರಿ ಗಟಾರ ಸೇರುತ್ತಿದೆ. ಮಕ್ಕಳು ಆಡೋಣವೆಂದರೆ ಬಾಗಿಲಿಗೆ ಬೀಗ. ತೀರಿಹೋದ ನನ್ನ ಯಜಮಾನರ ಕಾರೂ ಹಾಗೇ ನಿಂತಿತ್ತು. ನೆನಪಿಗಿರಲಿ ಎಂದು ಮಕ್ಕಳು ಹಟ ಹಿಡಿದರು. ನೆನಪು ತುಕ್ಕು ಹಿಡಿಯಲು ನಾನು ಬಿಡುವವಳಲ್ಲ. ಹಳೆಯ ಗಾಡಿ ಒಡೆಯಲು ಸರ್ಕಾರದ ಪರವಾನಗಿ ಇರುವವರನ್ನು ಕರೆಸಿ ಕೊಟ್ಟುಬಿಟ್ಟೆ. ಅವರು ಒಂದು ಚೀಟಿ ಕೊಟ್ಟರು. ಆ ಕಬ್ಬಿಣ ಎಲ್ಲಿ ಕರಗಿ ಏನಾಗುತ್ತದೋ ನಾನು ನೋಡಲಾರೆ. ಕುಲುಮೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ನಮ್ಮ ಕಾರು ನಮ್ಮ ಕಣ್ಣೆದುರೇ ಮತ್ತೆ ದುಡಿಯಲು ಹೊರಟದ್ದನ್ನು ಕಂಡ ಸುಖ ಇನ್ನಿಲ್ಲ. ನಷ್ಟ ಅದು. ಅದಕ್ಕಾಗಿ ಸತ್ತದ್ದನ್ನು ಬಾಗಿಲಲ್ಲಿ ಇಟ್ಟುಕೊಳ್ಳಬೇಕೇ?

ಎದುರುಮನೆಯವರು ಬಂದು ಕೇಳಿದರು: "ಬಾಯಾರ, ಮನಿ ಮುಂದ ಬರೇ ಬಯಲಾತಲ್ರಿ. ಮಂದಿ ಏನಂತಾರ?"

"ಈ ಮನ್ಯಾಗ ಇನ್ನೂ ಕಾಲಿಲೆ ನಡಿಯಾಕಿ ಒಬ್ಬಾಕಿ ಅದಾಳ ಅಂತಾರ," ಎಂದೆ. ಚೀಲ ಹಿಡಿದು ಸಂತೆಗೆ ಹೊರಟೆ.