ಸೂರಿನ ಮೇಲಿನ ಬೆಳೆಗೆ ಹುಲ್ಲಕ್ಕನೇ ವೈರಿ

"ತಲೆ ಎತ್ತಬೇಡ್ರೋ, ಕಣ್ಣಿಗೆ ಮಣ್ಣು ಬೀಳುತ್ತೆ!"

ದೊಡ್ಡ ಬೀದಿಯ ಉತ್ತರದ ತುದಿಯಲ್ಲಿ, ಮೂರು ಸೂರಿನ ಗೋಪುರದ ಮೇಲಿನಿಂದ ಈ ಕೂಗು ಬಂದರೆ ಯೂಲಿನ್ ಹಳೆಪೇಟೆಗೆ ಬೆಳಗಾಯಿತು ಅಂತ ಲೆಕ್ಕ. ಕೂಗು ಕೇಳಿದವರೆಲ್ಲ ಮೊದಲು ಮಾಡುವ ಕೆಲಸವೇ ತಲೆ ಎತ್ತುವುದು. ನಾನೂ ಎತ್ತುತ್ತೇನೆ, ಕಣ್ಣಿಗೆ ಮಣ್ಣು ಬೀಳುತ್ತದೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದರೆ, ಕೆಳಗಿನ ಸೂರಿನ ಇಳಿಜಾರಿನಲ್ಲಿ ಕಂದು ಕೋಟಿನ ಹೆಂಗಸೊಬ್ಬರು ಕುಕ್ಕರುಗಾಲಿನಲ್ಲಿ ಕೂತು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಿದ್ದಾರೆ. ಸೊಂಟಕ್ಕೆ ಹಗ್ಗ, ಬೆನ್ನಿಗೆ ಚೀಲ, ಕಾಲಿಗೆ ತಾವೇ ಹೊಲಿದುಕೊಂಡ ಬಟ್ಟೆಯ ಮೆಟ್ಟು, ಕೈಯಲ್ಲಿ ಹಳೆ ಛತ್ರಿಯ ಕಡ್ಡಿ ಬಗ್ಗಿಸಿ ಮಾಡಿದ ಕೊಕ್ಕೆ. ಎರಡು ಹೆಂಚಿನ ನಡುವೆ ಕೊಕ್ಕೆ ತೂರಿಸಿ ಒಮ್ಮೆ ತಿರುವುತ್ತಾರೆ. ಬೇರು ಸಮೇತ ಹುಲ್ಲು ಕೈಗೆ ಬರುತ್ತದೆ, ಹೆಂಚು ಮಿಸುಕುವುದಿಲ್ಲ.

ಇವರು ತುವೊ ರುಯ್‌ಲಿಯನ್. ವಯಸ್ಸು ಐವತ್ತನಾಲ್ಕು. ಈ ಹೆಸರು ಹಿಡಿದು ಬೀದಿಯಲ್ಲಿ ವಿಚಾರಿಸಿದರೆ ಯಾರೂ ಮನೆ ತೋರಿಸಲಾರರು. ಹುಲ್ಲಕ್ಕ ಎಂದರೆ ಸಾಕು, ಎಲ್ಲರೂ ಬೆರಳನ್ನು ಆಕಾಶಕ್ಕೆ ಎತ್ತುತ್ತಾರೆ. ಹಳೆಪೇಟೆಯ ಗೋಪುರ, ಹೆಬ್ಬಾಗಿಲು, ಗುಡಿಗಳ ಹೆಂಚಿನ ಮೇಲೆ ಹುಟ್ಟುವ ಹುಲ್ಲನ್ನೆಲ್ಲ ಕೀಳುವುದು ಇವರ ಕೆಲಸ. ಇಬ್ಬನಿಗೆ ಮಣ್ಣು ಮೆತ್ತಗಾದಾಗ ಬೇರು ಸುಲಭವಾಗಿ ಬಿಡುತ್ತದೆ. ಹಾಗಾಗಿ ಬೆಳಕು ಹರಿಯುವ ಹೊತ್ತಿಗೇ ಹತ್ತುತ್ತಾರೆ, ಪ್ರವಾಸಿಗರ ಸಾಲು ಶುರುವಾಗುವ ಮೊದಲೇ ಇಳಿಯುತ್ತಾರೆ. ನಮ್ಮ ಪತ್ರಿಕೆಯಲ್ಲಿ ಈ ಗೋಪುರದ ಚಿತ್ರ ಹಬ್ಬಕ್ಕೊಂದರಂತೆ ಬಂದಿದೆ. ಹುಲ್ಲಕ್ಕ ಒಂದರಲ್ಲೂ ಇಲ್ಲ. ನಮ್ಮ ಛಾಯಾಗ್ರಾಹಕರು ಏಳುವುದೇ ಒಂಬತ್ತಕ್ಕೆ, ಈ ವಾರದವರೆಗೆ ನಾನೂ ಹಾಗೇ.

"ಸೂರಿನ ಮೇಲೆ ಹುಲ್ಲು ಎಲ್ಲಿಂದ ಬರುತ್ತೆ ಅಂತ ಕೇಳ್ತೀರಲ್ಲ, ಉತ್ತರದ ಗಾಳಿ ಮರಳು ತರುತ್ತೆ. ನಮ್ಮ ಯಜಮಾನ್ರು ಕಲ್ಲಿದ್ದಲ ಲಾರಿ ಓಡಿಸ್ತಾರೆ, ಅವರು ಧೂಳು ಹಾಕ್ತಾರೆ. ಗುಬ್ಬಿ ಬೀಜ ಹಾಕುತ್ತೆ. ನಾನು ಕಳೆ ಕೀಳ್ತೀನಿ. ಹಿಂಗೆ ಎಲ್ಲರೂ ಸೇರ್ಕೊಂಡು ಬೇಸಾಯ ನಡೆಸ್ತಾ ಇದ್ದೀವಿ," ಎಂದು ಮೇಲಿನಿಂದಲೇ ನಗುತ್ತಾರೆ.

ಇಷ್ಟು ನಗುವ ಹುಲ್ಲಕ್ಕನಿಗೆ ಈ ವಾರ ಮಾತ್ರ ಊಟ ಸೇರುತ್ತಿಲ್ಲ. ಕಾರಣ, ಒಂದು ಬಟ್ಟಲು ಕಾಳು. ಗೋಪುರದ ತುತ್ತತುದಿಯ ಚಾವಣಿಗೆ ಈ ವಸಂತದಲ್ಲಿ ಹೊಸದಾಗಿ ಹೆಂಚು ಹೊದಿಸಿದ್ದಾರೆ. ಭಾನುವಾರ ಅದರ ನೆತ್ತಿಯ ಸಾಲಿನ ಕೊನೆಯ ಹೆಂಚು ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಡ್ರ್ಯಾಗನ್ ಬಾಯಿ ಮುಚ್ಚುವುದು ಅನ್ನುತ್ತಾರೆ. ಬಾಯಿ ಮುಚ್ಚಿದ ಮೇಲೆ ಮೇಸ್ತ್ರಿ ಹೊಸ ಚಾವಣಿಯ ಮೇಲೆ ಐದು ಧಾನ್ಯ ಎರಚಿ ಹರಸಬೇಕು. ಬರಗು, ನವಣೆ, ಜೋಳ, ಹೆಸರು, ಕಪ್ಪು ಸೋಯಾ. ಹೆಂಚಿನ ಕೆಳಗೆ ಇನ್ನೂ ಹಸಿ ಮಣ್ಣಿದೆ. ಹರಸಿದ ಕಾಳು ಅಲ್ಲೇ ಮೊಳೆಯುತ್ತದೆ ಎನ್ನುವುದು ಹುಲ್ಲಕ್ಕನ ಚಿಂತೆ.

ಈ ಕೆಲಸಕ್ಕೆ ಅವರು ಬಂದದ್ದು ಮೈ ಹಗುರ ಎಂಬ ಒಂದೇ ಅರ್ಹತೆಯಿಂದ. ಗುಡ್ಡಗಾಡಿನ ಗುಹೆಮನೆಯ ಹಳ್ಳಿಯಿಂದ ಮದುವೆಯಾಗಿ ಪೇಟೆಗೆ ಬಂದವರು, ಹೆಂಚು ಹೊರುವ ಕೂಲಿಗೆ ಸೇರಿಕೊಂಡರು. ಒಂದು ದಿನ ಯಾವುದೋ ಹೆಬ್ಬಾಗಿಲಿನ ಸೂರಿನ ಮೇಲೆ ಗಂಡಾಳು ಕಾಲಿಟ್ಟಲ್ಲೆಲ್ಲ ಹೆಂಚು ಬಿರುಕುಬಿಟ್ಟಿತು. ಆ ತೆಳ್ಳನೆಯವಳನ್ನು ಹತ್ತಿಸಿ ನೋಡಿ ಅಂದರಂತೆ. ಹತ್ತಿದವರು ಇಳಿದೇ ಇಲ್ಲ ಎನ್ನಬಹುದು.

ಬೀದಿ ಮಾತ್ರ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ನಮ್ಮ ಗೋಪುರಗಳು ಬೀದಿಯ ಮೇಲೇ ಕಾಲು ಚಾಚಿ ನಿಂತಿವೆ, ಊರೆಲ್ಲ ಅವುಗಳ ಕೆಳಗೇ ಓಡಾಡಬೇಕು. ಹೆಂಗಸಿನ ಕಾಲಡಿ ನುಸುಳಿದರೆ ಗಂಡಸಿಗೆ ಕೇಡು ಎಂದು ಹಳಬರ ನಂಬಿಕೆ. ಗೋಪುರದ ಕೆಳಗೆ ತೋಫು ಮಾರುವ ಕಾಂಗ್ ಹೇಳುತ್ತಾರೆ: "ನಮ್ಮಪ್ಪ ಎರಡು ಓಣಿ ಸುತ್ತಿ ಬರ್ತಿದ್ದ. ಸುತ್ತಿ ಸುತ್ತಿ ಮಂಡಿ ನೋವು ಬಂತು. ಆಮೇಲೆ ಛತ್ರಿ ಹಿಡ್ಕೊಂಡು ನೆಟ್ಟಗೆ ನುಗ್ಗಿದ. ಬಿಸಿಲಿಲ್ಲ, ಮಳೆ ಇಲ್ಲ, ಛತ್ರಿ! ಹುಲ್ಲಕ್ಕ ಮೇಲಿಂದ 'ಮಾವಾ, ಛತ್ರಿ ಹಳೇದಾಯ್ತು, ಕಡ್ಡಿ ನಂಗೆ ಕೊಡಿ' ಅಂದ್ಲು. ನಕ್ಕುಬಿಟ್ಟ. ಕೊಟ್ಟೂ ಬಿಟ್ಟ." ಈಗ ಇದೇ ಬೀದಿ ಅವರನ್ನು ಕೇಳದೆ ಹಾಸಿಗೆ ಒಣಹಾಕುವುದಿಲ್ಲ. ಮರಳುಗಾಳಿ ಎದ್ದದ್ದು ಮೊದಲು ಕಾಣುವುದು ಅವರಿಗೇ. ಅವರು ಕಿತ್ತ ಹುಲ್ಲು, ದಿನಕ್ಕೆ ಎರಡು ಚೀಲ, ಕಾಂಗ್ ಸಾಕಿರುವ ಮೊಲಗಳ ಪಾಲು.

ಮೇಲಿನಿಂದ ಏನೇನು ಕಾಣುತ್ತದೆ ಎಂದು ಕೇಳಿದೆ. ಪಶ್ಚಿಮಕ್ಕೆ ಹೊಳೆಯಾಚೆ ಹೊಸ ಊರಿನ ಗಾಜಿನ ಕಟ್ಟಡಗಳು, ಅವುಗಳ ದೀಪ ಒಂದೊಂದಾಗಿ ಆರುವುದು. ಉತ್ತರಕ್ಕೆ ಕೋಟೆಗೋಡೆಯ ಕಾವಲು ಬುರುಜು. ಪೂರ್ವದ ಗುಡ್ಡದ ಮೇಲೆ ಸೂರ್ಯ ಬಂದರೆ ಬೀದಿಯ ಗೋಪುರಗಳ ನೆತ್ತಿಗಳೆಲ್ಲ ಒಂದರ ಹಿಂದೊಂದು ಬೆಳಗುತ್ತವಂತೆ. ದೂರದೂರಿನವರು ಇದೇ ನೋಟಕ್ಕೆ ಡ್ರೋನ್ ಹಾರಿಸುತ್ತಾರೆ. ಹುಲ್ಲಕ್ಕ ಆ ಪ್ರವಾಸಿಗರ ಮೊಬೈಲು ಇಸಿದುಕೊಂಡು ಚಿತ್ರವನ್ನು ದೊಡ್ಡದು ಮಾಡಿ ನೋಡುವುದು ಸೂರಿನ ಅಂಚನ್ನು ಮಾತ್ರ.

"ಹುಲ್ಲಿದ್ರೆ ಗೋಪುರ ಗಡ್ಡ ಬಿಟ್ಕೊಂಡು ನಿಂತ ಹಾಗೆ ಕಾಣುತ್ತೆ. ಊರವರೆಲ್ಲ ಅದರ ಮುಖ ಚೆನ್ನಾಗಿದೆ ಅಂತಾರೆ. ಕ್ಷೌರ ಮಾಡಿದವಳು ನಾನು, ಅದು ಯಾರಿಗೂ ಗೊತ್ತಿಲ್ಲ, ಬಿಡಿ," ಎನ್ನುತ್ತಾರೆ. ಬಿಡಿ ಎನ್ನುವಾಗ ಅವರ ಮುಖದಲ್ಲಿ ಬೇಸರವೇನೂ ಇಲ್ಲ.

ಕಾಳಿನ ಜಗಳಕ್ಕೆ ಒಂದು ಹಿಂದಿನ ಕಥೆ ಇದೆ. ಹಿಂದಿನ ಓಣಿಯ ಪುಟ್ಟ ಗುಡಿಗೆ ಎರಡು ವರ್ಷದ ಕೆಳಗೆ ಹೊಸ ಹೆಂಚು ಹೊದಿಸಿದರು. ಹೊದಿಸಿದವರು ಆಯ್ ಮೇಸ್ತ್ರಿ. ಎಪ್ಪತ್ತು ದಾಟಿದವರು, ಈಗ ಗೋಪುರದ ಚಾವಣಿ ಕೆಲಸವೂ ಅವರದೇ. ಗುಡಿಯ ಬಾಯಿ ಮುಚ್ಚಿದ ದಿನ ಮೇಸ್ತ್ರಿ ಎರಡೂ ಕೈ ತುಂಬ ಕಾಳು ಎರಚಿದರು. ನಮ್ಮ ಪಂಚಾಂಗದ ಏಳನೇ ತಿಂಗಳಲ್ಲಿ ಒಳ್ಳೆಯ ಮಳೆಯಾಯಿತು. ಗುಡಿಯ ತಲೆ ಹಸಿರಾಯಿತು. ಜೋಳ ಮೊಣಕಾಲೆತ್ತರ ಬಂತು, ನವಣೆ ತೆನೆ ಬಾಗಿತು, ಹೆಸರುಬಳ್ಳಿ ನೆತ್ತಿಯ ಡ್ರ್ಯಾಗನ್ನಿನ ಕೊರಳಿಗೆ ಹೂಮಾಲೆಯಂತೆ ಸುತ್ತಿಕೊಂಡಿತು. ಪ್ರವಾಸಿಗರು ಇದು ಯಾರ ಹೊಲ ಎಂದು ಕೇಳಿದರೆ ಕಾಂಗ್, "ದೇವರದ್ದೇ. ಗೇಣಿಗೆ ಕೊಟ್ಟಿದ್ದಾರೆ," ಎನ್ನುತ್ತಿದ್ದರು. ಹರಸಿದ ಕಾಳು ಎಂದು ತೆನೆಯಾಗುವವರೆಗೆ ಮುಟ್ಟದೆ ಬಿಟ್ಟಿದ್ದ ಹುಲ್ಲಕ್ಕ ಆಮೇಲೆ ಬೆಳೆಯನ್ನೆಲ್ಲ ಕಿತ್ತು, ನವಣೆ ತೆನೆಯ ಒಂದು ಕಟ್ಟು ಮಾಡಿ ಮೇಸ್ತ್ರಿಯ ಮನೆಬಾಗಿಲಿಗೆ ಒಯ್ದರು. "ತಗೊಳ್ಳಿ ಮೇಸ್ತ್ರಣ್ಣ, ಬಿತ್ತಿದವರ ಪಾಲು!" ಬೀದಿ ಒಂದು ತಿಂಗಳು ನಕ್ಕಿತು.

ಹುಲ್ಲಕ್ಕ ಮಾತ್ರ ಬೇಗ ನಗು ನಿಲ್ಲಿಸಿದರು. ಜೋಳದ ಬೇರು ಹೆಂಚುಗಳನ್ನು ಎತ್ತಿಬಿಟ್ಟಿತ್ತು. ಸಂದಿನಲ್ಲಿ ಇಳಿದ ನೀರು ಒಳಗಿನ ಹಲಗೆಯನ್ನು ಮುಟ್ಟಿ, ಅದರ ಮೇಲೆ ಹಳಬರು ಬಿಡಿಸಿದ್ದ ಕೊಕ್ಕರೆಗಳಲ್ಲಿ ಒಂದರ ಕತ್ತು, ತಲೆ ಅಳಿಸಿಹೋದವು. "ಎಷ್ಟು ಕಾಲದಿಂದ ಹಾರ್ತಿತ್ತೋ ಅದು. ನನ್ನ ಕಾಲದಲ್ಲಿ, ನಾನು ನೋಡ್ಕೊಳ್ಳೋ ಸೂರಿನ ಕೆಳಗೆ ಹೀಗಾಯ್ತು. ಈ ಗೋಪುರದ ಒಳಗೆ ಅಂಥ ಹಲಗೆ ತುಂಬ ಚಿತ್ರ ಇದೆ. ಇನ್ನೊಂದು ಸಲ ಹಂಗಾದ್ರೆ ನಾನು ತಡ್ಕೊಳ್ಳಲ್ಲ," ಎನ್ನುತ್ತಾರೆ.

ಬುಧವಾರ ಬೆಳಿಗ್ಗೆ ಕಾಂಗ್ ಅಂಗಡಿಯ ಬೆಂಚಿನ ಮೇಲೆ ಆಯ್ ಮೇಸ್ತ್ರಿ ಕುರಿಕರುಳಿನ ಸಾರು ಹೀರುತ್ತಿದ್ದಾಗ ಹುಲ್ಲಕ್ಕ ಎದುರಿಗೆ ಕೂತರು.

"ಕಾಳು ಹುರಿದು ಎರಚಿ ಮೇಸ್ತ್ರಣ್ಣ. ಬಾಣಲೆಗೆ ಹಾಕಿ ಸುಮ್ನೆ ಕೈಯಾಡಿಸಿದ್ರೆ ಸಾಕು."

"ಹುರಿದ ಕಾಳು ಸತ್ತ ಕಾಳು. ಹೊಸ ಸೂರಿಗೆ ಸತ್ತದ್ದನ್ನ ಎರಚೋಕೆ ನಾನೇನು ಮಸಣದ ಕೆಲಸಕ್ಕೆ ಬಂದಿದ್ದೀನೇನಮ್ಮಾ?"

"ಹಾಗಾದ್ರೆ ಒಂದು ಚಿಟಿಕೆ ಎರಚಿ."

"ನಮ್ಮಪ್ಪ ಎರಡು ಕೈಲಿ ಎರಚ್ತಿದ್ದ. ನಾನು ಸಾರಿಗೆ ಉಪ್ಪು ಉದುರಿಸಿದ ಹಾಗೆ ಉದುರಿಸಿದ್ರೆ ಜನ ನಗಲ್ವಾ?"

"ಹೆಸರುಬಳ್ಳಿ ನೋಡಿ ನಗಲಿಲ್ವಾ?"

"ಈ ಸಲ ಸ್ವಲ್ಪ ಕಡಲೆಕಾಯಿನೂ ಸೇರಿಸಿ ಮೇಸ್ತ್ರಿಗಳೇ," ಎಂದು ಕಾಂಗ್ ಒಳಗಿನಿಂದ ಬಾಯಿ ಹಾಕಿದರು. "ಚಳಿಗಾಲಕ್ಕೆ ಆಗುತ್ತೆ."

ಇಬ್ಬರೂ ಅವರ ಮೇಲೆ ಹರಿಹಾಯ್ದರು. ಆ ಒಂದು ವಿಷಯದಲ್ಲಿ ಮಾತ್ರ ಅವತ್ತು ಒಮ್ಮತ ಮೂಡಿತು. ಮಧ್ಯಾಹ್ನದ ಹೊತ್ತಿಗೆ ಬೀದಿ ಎರಡು ಪಾಲಾಯಿತು. ಅಜ್ಜಿಯರೆಲ್ಲ ಮೇಸ್ತ್ರಿಯ ಕಡೆ. ಹರಸದ ಸೂರಿನ ಕೆಳಗೆ ಓಡಾಡುವವರ ಗತಿಯೇನು ಎಂಬುದು ಅವರ ವಾದ. ಅಂಗಡಿಯವರು ಹುಲ್ಲಕ್ಕನ ಕಡೆ, ಹುಲ್ಲು ಹೆಚ್ಚಿದರೆ ಮಣ್ಣು ಉದುರುವುದು ಅವರ ಬಾಣಲೆಗೇ. ನಾನು ಯಾವ ಕಡೆ ಎಂದು ಎರಡೂ ಕಡೆಯವರು ಕೇಳಿದರು. ಪತ್ರಿಕೆಯವನು ಎಂದು ಹೇಳಿ ತಪ್ಪಿಸಿಕೊಂಡೆ.

ಶನಿವಾರ ಹುಲ್ಲಕ್ಕ ಜಗಳ ಬಿಟ್ಟು ಬೇರೆ ದಾರಿ ಹಿಡಿದರು. "ಬನ್ನಿ ಮೇಸ್ತ್ರಣ್ಣ, ಒಂದು ಕಡೆ ಹೋಗಿ ಬರೋಣ," ಎಂದು ಮುದುಕರನ್ನು ಹಿಂದಿನ ಓಣಿಯ ಗುಡಿಗೆ ಕರೆದೊಯ್ದರು. ನಾನೂ ಹಿಂದೆಯೇ ಹೋದೆ. ಚಾವಣಿಯ ಮೇಲೆ ದುಡಿಯುವವರು ಅದರ ಕೆಳಗೆ ನಿಂತು ನೋಡುವುದು ಅಪರೂಪ. ತಾವು ಹೆಂಚು ಕೂರಿಸಿದ ಗುಡಿಯ ಒಳಗೆ ಮೇಸ್ತ್ರಿ ಆಮೇಲೆ ಕಾಲಿಟ್ಟೇ ಇರಲಿಲ್ಲ. ಹುಲ್ಲಕ್ಕ ಮೇಲೆ ಕೈ ತೋರಿಸಿದರು. ಕೊಕ್ಕರೆಯ ರೆಕ್ಕೆ ಇತ್ತು, ಕಾಲಿತ್ತು. ಮಿಕ್ಕದ್ದು ಕಂದು ಕಲೆ. ಮೇಸ್ತ್ರಿ ಟೊಪ್ಪಿ ತೆಗೆದು ಕತ್ತು ನೋಯುವವರೆಗೆ ನೋಡಿದರು.

"ಅದೇ ಮಳೆಗಾ?"

"ಅದೇ ಮಳೆಗೆ ಅಣ್ಣ."

ಮೇಸ್ತ್ರಿ ಟೊಪ್ಪಿ ಹಾಕಿಕೊಂಡು ಹೊರಟರು. "ಮುದುಕರ ಮನಸ್ಸು ನೋಯಿಸಿಬಿಟ್ನೇನೋ," ಎಂದು ಹುಲ್ಲಕ್ಕ ದಾರಿಯುದ್ದಕ್ಕೂ ಪೇಚಾಡಿದರು.

ಭಾನುವಾರ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ತಮಟೆ, ಪಟಾಕಿ, ಹೆಗಲ ಮೇಲೆ ಕೂತ ಮಕ್ಕಳು. ಡ್ರ್ಯಾಗನ್ ಬಾಯಿ ಮುಚ್ಚುವವರೆಗೆ ಹೆಂಗಸರು ಮೇಲಿನ ಚಾವಣಿಗೆ ಹೋಗುವಂತಿಲ್ಲ, ಅದು ಕಟ್ಟುನಿಟ್ಟು. ವರ್ಷವಿಡೀ ಆ ಗೋಪುರದ ಮೇಲೇ ಬೆಳಗು ಕಾಣುವ ಹುಲ್ಲಕ್ಕ ಇಂದು ಏಣಿಯ ಬುಡದಲ್ಲಿ, ಒಳ್ಳೆಯ ಕೆಂಪು ಕೋಟು ತೊಟ್ಟು, ಕೈ ಕಟ್ಟಿ ನಿಂತಿದ್ದಾರೆ. ನಾನು ಮೇಲಿನ ಚಾವಣಿಯ ಪಕ್ಕಕ್ಕೆ ಕಟ್ಟಿದ ಅಟ್ಟಣಿಗೆಯ ಮೇಲೆ ನಿಂತು ಕತ್ತು ಚಾಚಿದ್ದೇನೆ. ಆಯ್ ಮೇಸ್ತ್ರಿ ಕೆಂಪು ಬಟ್ಟೆ ಸುತ್ತಿದ ಕೊನೆಯ ಹೆಂಚನ್ನು ಕೂರಿಸುತ್ತಾರೆ. ಕೂಗು ಏಳುತ್ತದೆ. ಆಳುಗಳು ಪುಟ್ಟ ಪುಟ್ಟ ಆವಿರೊಟ್ಟಿ, ಒಣ ಬೋರೆಹಣ್ಣು ಕೆಳಗೆ ತೂರುತ್ತಾರೆ. ಜನ ಕೈಗೆ ಸಿಕ್ಕಿದ್ದನ್ನು ಆರಿಸಿಕೊಳ್ಳುತ್ತಾರೆ. ಉಳಿದದ್ದು ಕಾಳಿನ ಬಟ್ಟಲು.

ಮೇಸ್ತ್ರಿ ಬಟ್ಟಲು ಎತ್ತಿಕೊಳ್ಳುತ್ತಾರೆ. ಎರಚುವುದಿಲ್ಲ. ಏಣಿಯ ಕಡೆ ಬಗ್ಗಿ ಕೂಗುತ್ತಾರೆ.

"ಏ ಹುಲ್ಲಕ್ಕಾ! ಬಾಯಿ ಮುಚ್ಚಿ ಆಯ್ತು. ಇನ್ನು ಯಾರು ಬೇಕಾದ್ರೂ ಬರಬಹುದು. ಹತ್ತು!"

ಅಜ್ಜಿಯರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹುಲ್ಲಕ್ಕ ಮೆಟ್ಟು ಕೊಡವಿ ಹತ್ತುತ್ತಾರೆ. ಹೊಸ ಹೆಂಚಿನ ಮೇಲೆ ಎಂದಿನಂತೆ ಪಕ್ಕಪಕ್ಕಕ್ಕೆ ಸರಿದು ನೆತ್ತಿ ಸೇರುತ್ತಾರೆ. ಮೇಸ್ತ್ರಿ ಬಟ್ಟಲನ್ನು ಅವರ ಕೈಗಿಡುತ್ತಾರೆ.

"ನಾನು ಎರಚಿದ್ರೂ ಕೀಳೋಳು ನೀನೇ. ನೀನು ಎರಚಿದ್ರೂ ಕೀಳೋಳು ನೀನೇ. ಹೊಲ ನಿಂದು, ನೀನೇ ಬಿತ್ತು. ಆದ್ರೆ ಕಾಳು ಹಸೀದೇ ಇದೆ, ನೋಡ್ಕೋ. ಹುರಿದಿಲ್ಲ."

ಹುಲ್ಲಕ್ಕ ಬಟ್ಟಲಿನೊಳಗೆ ನೋಡುತ್ತಾರೆ, ಕೆಳಗೆ ನೋಡುತ್ತಾರೆ. ನೆತ್ತಿಯ ಸಾಲಿನ ಮೇಲೆ ಎದ್ದು ನಿಲ್ಲುತ್ತಾರೆ. ಅವರು ಸೂರಿನ ಮೇಲೆ ಎದ್ದು ನಿಂತದ್ದನ್ನು ನಾನು ಕಂಡದ್ದು ಇದೇ ಮೊದಲು. ತೋಳು ಪೂರ್ತಿ ಹಿಂದಕ್ಕೆಳೆದು, ಮೊದಲ ಹಿಡಿಯನ್ನು ಸೂರಿನ ಅಂಚಿನಾಚೆಗೆ ಬೀಸಿ ಒಗೆಯುತ್ತಾರೆ. ಕಾಳು ಚಾವಣಿಯನ್ನು ದಾಟಿ ಬೀದಿಯ ಮೇಲೆ ಸುರಿಯುತ್ತದೆ. ಎರಡನೆಯ ಹಿಡಿ ತೋಫು ಅಂಗಡಿಯ ಕಡೆಗೆ, ಮೂರನೆಯದು ಅಜ್ಜಿಯರ ಕಡೆಗೆ. ಅಜ್ಜಿಯರು ವಾದವನ್ನೆಲ್ಲ ಮರೆತು ಏಪ್ರನ್ ಒಡ್ಡುತ್ತಾರೆ. ಮಕ್ಕಳು ಕೂದಲಲ್ಲಿ ಸಿಕ್ಕಿದ ಹೆಸರುಕಾಳು ತೆಗೆದು ತೋರಿಸುತ್ತಾರೆ. ಕಾಂಗ್ ಬಾಣಲೆಗೆ ಬಿದ್ದ ಸೋಯಾವನ್ನು ಸೌಟಿನಲ್ಲಿ ಎತ್ತಿ ಹಿಡಿದು, "ನನ್ನ ಅಂಗಡಿಗೇ ಬಂತು ನೋಡ್ರೋ!" ಎಂದು ಕುಣಿಯುತ್ತಾರೆ. ಹೊಸ ಹೆಂಚಿನ ಮೇಲೆ ನನಗೆ ಒಂದು ಕಾಳೂ ಕಾಣುವುದಿಲ್ಲ.

ಮೇಸ್ತ್ರಿಗೂ ಕಾಣುವುದಿಲ್ಲ. ಇಳಿಜಾರನ್ನೆಲ್ಲ ಹುಡುಕಿ ಕೇಳುತ್ತಾರೆ.

"ಪೂರ್ತಿ ಜನಕ್ಕೇ ಎರಚಿಬಿಟ್ಯಲ್ಲಮ್ಮಾ. ಸೂರಿಗೇನು ಉಳಿಸಿದೆ?"

ಹುಲ್ಲಕ್ಕ ಖಾಲಿ ಬಟ್ಟಲನ್ನು ಅವರ ಕೈಗೆ ಕೊಟ್ಟು, ಮತ್ತೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ.

"ಕಾಳು ಅವರಿಗಿರಲಿ ಮೇಸ್ತ್ರಣ್ಣ. ಸೂರಿಗೆ ನಾನಿದ್ದೀನಲ್ಲ."