ಹತ್ತನೇ ಸಾಲು

ಮೂರನೇ ಸಾಲಿನ ಹತ್ತಿರ ಸಿಂಟ್ಯಾಕ್ಸ್ ಎರರ್, ಅಂದರೆ ಬರೆದದ್ದರಲ್ಲಿ ತಪ್ಪು, ಎಂದು ಕಂಪ್ಯೂಟರಿನಿಂದ ಬೆಳಗ್ಗೆಯಿಂದ ಹನ್ನೊಂದನೇ ಸಲ ಹೇಳಿಸಿಕೊಂಡು, ಕನ್ನಡಕ ತೆಗೆದಿಟ್ಟು, ಆರಿಹೋದ ಕಾಫಿಯನ್ನು ಹಾಗೇ ಕುಡಿದು ಕೂತಿದ್ದೇನೆ. ಮೂರನೇ ಸಾಲಿನಲ್ಲಿ ಇರುವುದೇ ಎರಡು ಪದ. ಎರಡು ಪದದಲ್ಲಿ ಎಷ್ಟು ತಪ್ಪು ಮಾಡಲು ಸಾಧ್ಯ, ನೀವೇ ಹೇಳಿ.

ವಿಷಯ ಇಷ್ಟೇ. ಹೊಸನಗರದ ಕಡೆ ನಾನು ಹಿಂದೆ ಕೆಲಸ ಮಾಡಿದ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳು ಸೇರಿ ಒಂದು ವೆಬ್‌ಸೈಟ್ ಮಾಡಿದ್ದಾರೆ. ತೀರಿಹೋದ ಹಿರಿಯಣ್ಣ ಮೇಷ್ಟ್ರ ಬಗ್ಗೆ ಯಾರು ಬೇಕಾದರೂ ಬಂದು ನಾಲ್ಕು ಮಾತು ಬರೆದು ಹೋಗುವಂಥ ಒಂದು ಪುಟ ಅದರಲ್ಲಿ ಬೇಕಂತೆ. "ನೀವು ಆ ಕಾಲದಿಂದ ಕಂಪ್ಯೂಟರ್ ಮುಂದೆ ಕೂತವರು, ನೀವೇ ಮಾಡಿಕೊಡಿ ಮೇಡಂ" ಅಂದರು. ಹೊಗಳಿದರೆ ಉಬ್ಬುವ ಸ್ವಭಾವ ನನ್ನದು, ಒಪ್ಪಿಬಿಟ್ಟೆ. ಸಾಗರದಲ್ಲಿ ಇಂಟರ್‌ನೆಟ್ ಅಂಗಡಿ ನಡೆಸುತ್ತಿದ್ದಾಗ ಇಟ್ಟುಕೊಂಡಿದ್ದ ಒಂದು ಸ್ಕ್ರಿಪ್ಟ್ ನನ್ನಲ್ಲಿತ್ತು, ಪರ್ಲ್ ಎನ್ನುವ ಹಳೇ ಕಂಪ್ಯೂಟರ್ ಭಾಷೆಯದ್ದು. ಈಗಿನವರು ಪರ್ಲ್ ಅಂದರೆ ಮೂಗು ಮುರಿಯುತ್ತಾರೆ. ಮುರಿಯಲಿ, ನನಗೆ ಬರುವುದು ಅದೊಂದೇ. ಮೇಲೆ ಕೆಳಗೆ ಒಂದಿಷ್ಟು ಕನ್ನಡ ಸೇರಿಸಿ ಹೊಸದಾಗಿ ಕೂರಿಸಲು ಹೊರಟೆ. ಕೂರಲಿಲ್ಲ.

ಹನ್ನೊಂದು ಸಲ ಸೋತದ್ದಕ್ಕೆ ಇಷ್ಟು ಸಂಕಟ ಆಗಬಾರದು. ಆದರೆ ಕೀಬೋರ್ಡಿನ ಪಕ್ಕದಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಮೇಷ್ಟ್ರ ಮಗಳು ತೀರ್ಥಹಳ್ಳಿಯಿಂದ ಕಳಿಸಿದ್ದು, ಹೋದ ವಾರ ಬಂತು. "ಅಪ್ಪ ಕೊನೇವರೆಗೂ ಇದನ್ನ ಇಟ್ಕೊಂಡಿದ್ರು. ಪುಟದಲ್ಲಿ ಹಾಕೋಕೆ ಆಗತ್ತಾ ನೋಡಿ" ಎಂದು ಫೋನಿನಲ್ಲಿ ಹೇಳಿದರು. ಅದನ್ನು ತೆರೆದು ನೋಡಿದ ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಎಂಬತ್ತರ ದಶಕದ ಮಧ್ಯದ ಮಾತು. ನಾನು ಸಾಗರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೈಯರ್ ಪಾಸು ಮಾಡಿ, ಆ ಹೈಸ್ಕೂಲಿಗೆ ದಿನಗೂಲಿ ಟೈಪಿಸ್ಟ್ ಆಗಿ ಸೇರಿದ್ದೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವುದು. ನಮ್ಮ ಇನ್‌ಸ್ಟಿಟ್ಯೂಟಿನ ಯಜಮಾನರು ಎರಡು ವಿಷಯದಲ್ಲಿ ಬಲು ಕಟ್ಟುನಿಟ್ಟು. ಒಂದು, ಟೈಪ್ ಮಾಡುವವರ ಕಣ್ಣು ಎದುರಿನ ಬರಹದ ಮೇಲೆ ಇರಬೇಕೇ ಹೊರತು ಕೀಲಿಯ ಮೇಲಾಗಲಿ ಹಾಳೆಯ ಮೇಲಾಗಲಿ ಹೋಗಕೂಡದು. ಎರಡು, ಯಾವ ಹಾಳೆ ಏರಿಸಿದರೂ ಮೊದಲು ತಲೆಯಲ್ಲಿ ‘ಶ್ರೀ’ ಬೀಳಬೇಕು. ಇಂಗ್ಲಿಷ್ ಮೆಷೀನಾದ್ದರಿಂದ ಎಸ್ ಎಚ್ ಆರ್ ಇ ಇ. ಬಾಡಿಗೆ ಕರಾರಿರಲಿ, ರಜಾ ಅರ್ಜಿಯಿರಲಿ, ಅದು ಬಿದ್ದ ಮೇಲೆಯೇ ಮುಂದಿನದು. ಮರೆತರೆ ಹಾಳೆ ಕಿತ್ತು ಕೈಗೆ ಕೊಡುತ್ತಿದ್ದರು. ಎರಡು ವರ್ಷ ಹೀಗೆ ತಿದ್ದಿಸಿಕೊಂಡ ಬೆರಳುಗಳು ಆಮೇಲೆ ನನ್ನನ್ನು ಕೇಳುವುದನ್ನೇ ಬಿಟ್ಟವು.

ಹಿರಿಯಣ್ಣ ಮೇಷ್ಟ್ರು ಅಲ್ಲಿ ಗಣಿತಕ್ಕೆ ಇದ್ದರು. ತೀರ್ಥಹಳ್ಳಿ ಕಡೆಯ ಗೌಡರು, ಮನೆಯಲ್ಲಿ ಗದ್ದೆ ತೋಟ ಬೇಕಾದಷ್ಟಿದ್ದರೂ ಲೆಕ್ಕದ ಹುಚ್ಚಿಗೆ ಮೇಷ್ಟ್ರಾದವರು. ಬೋರ್ಡಿನ ಮೇಲೆ ಅವರು ಬರೆದದ್ದನ್ನು ಅವರೇ ಒರೆಸಿ ತಿದ್ದಿದ್ದನ್ನು ಯಾರೂ ಕಂಡಿರಲಿಲ್ಲ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಆ ಒಂದು ವರ್ಷದೊಳಗೆ ನಮ್ಮ ಮಕ್ಕಳು ಕಂಪ್ಯೂಟರ್ ಅನ್ನುವುದನ್ನು ಕಣ್ಣಲ್ಲಿ ನೋಡಲಿ ಎಂದು ಮೇಲಿನವರಿಗೆ ಕಾಗದದ ಮೇಲೆ ಕಾಗದ ಬರೆದರು. ಅವನ್ನೆಲ್ಲ ಟೈಪ್ ಮಾಡಿದವಳು ನಾನೇ, ತಲೆಯಲ್ಲಿ ಶ್ರೀ ಹಾಕಿ.

ಕೊನೆಗೂ ಒಂದು ಬಂತು ಮಾರಾಯರೇ! ಕೀಬೋರ್ಡಿನೊಳಗೇ ಯಂತ್ರ, ಅದಕ್ಕೆ ಜೋಡಿಸಲು ಒಂದು ಟೀವಿ. ಬರೆದದ್ದನ್ನು ಉಳಿಸಲು ಟೇಪ್‌ರೆಕಾರ್ಡರ್ ಹಿಂದಿನಿಂದ ಬರುತ್ತದೆ ಎಂದರು, ಬರಲಿಲ್ಲ. ಸ್ವಿಚ್ ಆರಿಸಿದರೆ ಬರೆದದ್ದೆಲ್ಲ ಮಾಯ. ಜೊತೆಗೆ ಒಂದು ಮಾತೂ ಬಂತು: ಶುಕ್ರವಾರ ಇಲಾಖೆಯ ಸಾಹೇಬರು ಬಂದು ನೋಡುತ್ತಾರೆ, ಓಡಿಸಲು ಬರುವ ಶಾಲೆಯಲ್ಲಿ ಮಾತ್ರ ಇಡುತ್ತಾರೆ, ಇಲ್ಲದಿದ್ದರೆ ಬೇರೆ ಕಡೆಗೆ. ನಮ್ಮ ಹೆಡ್‌ಮಾಸ್ಟರು ಅದನ್ನು ಮುಟ್ಟಲೂ ಹೆದರಿ ಬೀಗದ ಕೈಯನ್ನು ಮೇಷ್ಟ್ರಿಗೆ ಕೊಟ್ಟುಬಿಟ್ಟರು. "ನಿಮ್ಮದೇ ಕೂಸು, ನೀವೇ ಆಡಿಸಿ."

ಶಿವಮೊಗ್ಗದಲ್ಲಿ ಎರಡು ದಿನದ ತರಬೇತಿ ಪಡೆದು ಬಂದಿದ್ದ ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಒಂದು ಪ್ರೋಗ್ರಾಂ ಬರೆದರು. ಯಾವ ಸಂಖ್ಯೆ ಕೊಟ್ಟರೂ ಅದರ ಮಗ್ಗಿ ಬರಬೇಕು. ಒಟ್ಟು ಹದಿನೈದು ಸಾಲು. ಟೈಪ್ ಮಾಡಲು ನಾನು. ಅವರಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆದಿದ್ದರು, ಟೀವಿ ನೋಡಬೇಡಿ ಎಂದಿದ್ದರು ಡಾಕ್ಟರು. ಹಾಗಾಗಿ ಟೀವಿಗೆ ಬೆನ್ನು ಹಾಕಿ ನಿಂತು, ಒಂದೊಂದೇ ಸಾಲನ್ನು ಬೆರಳಿಟ್ಟು ಓದುತ್ತಿದ್ದರು. "ಮೊದಲು ‘ಆಟೋ’ ಅಂತ ಒತ್ತು ಮಾರಾಯ್ತಿ. ಸಾಲಿನ ನಂಬರು ಅದೇ ಹಾಕ್ಕೊಳ್ತದೆ. ಕೊನೇಲಿ ‘ರನ್’."

ನಾನು ಆಟೋ ಒತ್ತಿದೆ. ಬೆರಳುಗಳು ತಮ್ಮ ಪಾಡಿಗೆ ತಾವು ಶ್ರೀ ಹಾಕಿದವು. ಆಮೇಲೆ ಮೇಷ್ಟ್ರ ಹದಿನೈದು ಸಾಲು. ಆಮೇಲೆ ರನ್. ಹತ್ತನೇ ಸಾಲಿನಲ್ಲಿ ಸಿಂಟ್ಯಾಕ್ಸ್ ಎರರ್ ಎಂದಿತು ಯಂತ್ರ.

ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿಕೊಂಡು ಹೋಗಿ ಹತ್ತನೇ ಸಾಲಿನ ಮೇಲೆ ಬೆರಳಿಟ್ಟರು. ಮಗ್ಗಿಯನ್ನು ಪ್ರಿಂಟ್ ಮಾಡುವ ಸಾಲೇ ಅದು, ಇದ್ದುದರಲ್ಲಿ ಉದ್ದದ್ದು, ಮೈತುಂಬ ಚಿಹ್ನೆ. "ಹಾಂ, ಇಲ್ಲೇ ಇರ್ತದೆ ನೋಡು" ಎಂದರು ಖುಷಿಯಿಂದ. ಒಂದು ಚಿಹ್ನೆ ಬದಲಾಯಿಸಿದರು. ಒಂದೇ ಸಾಲು ತಿದ್ದುವ ದಾರಿ ನಮಗೆ ಗೊತ್ತಿರಲಿಲ್ಲ, ಸ್ವಿಚ್ ಆರಿಸಿ ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ. ಮೊದಲು ಶ್ರೀ. ಮತ್ತೆ ಹತ್ತನೇ ಸಾಲಿನಲ್ಲಿ ತಪ್ಪು.

ಸೋಮವಾರ, ಮಂಗಳವಾರ ಎರಡೂ ದಿನ ಇದೇ ಆಯಿತು. ಟೀವಿಯಲ್ಲಿ ಎಡಗಡೆ ಹತ್ತು, ಇಪ್ಪತ್ತು, ಮೂವತ್ತು ಎಂದು ಅಂಕಿಗಳು ಇಳಿಯುತ್ತಿದ್ದದ್ದು ನನಗೆ ಓರೆಗಣ್ಣಿಗೆ ಕಂಡಿತ್ತು. ನಮ್ಮ ಟೈಪ್‌ರೈಟರಿನ ಅಳತೆಪಟ್ಟಿಯ ಮೇಲೂ ಹಾಗೇ ಹತ್ತು, ಇಪ್ಪತ್ತು, ಮೂವತ್ತು ಇರುತ್ತಿತ್ತಲ್ಲ, ಇದೂ ಅದೇ, ಅಂಚು ನೋಡಿಕೊಳ್ಳಲು ಅಂದುಕೊಂಡೆ. ಎಂಥ ಜಾಣೆ ನಾನು! ಆ ಯಂತ್ರ ಸಾಲುಗಳಿಗೆ ಹತ್ತತ್ತರಂತೆ ನಂಬರು ಹಾಕುತ್ತಿತ್ತು. ಅದು ಹತ್ತು ಅಂದರೆ ಮೊಟ್ಟಮೊದಲ ಸಾಲು. ಮೊದಲ ಸಾಲಿನಲ್ಲಿ ನನ್ನ ಶ್ರೀ ಕೂತಿತ್ತು. ಇದು ನನಗೆ ಅವತ್ತು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದೊಂದೇ ನನ್ನ ಪರವಾಗಿ ಇರುವ ಮಾತು, ಅದೂ ಅವತ್ತಿನ ಮಟ್ಟಿಗೆ.

ಬುಧವಾರ ಮೇಷ್ಟ್ರು ರಜಾ ಹಾಕಿ, ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ಶಿವಮೊಗ್ಗದ ಬಸ್ಸು ಹತ್ತಿದರು. ತರಬೇತಿ ಕೊಟ್ಟವರಿಗೆ ನೋಟ್‌ಬುಕ್ಕಿನ ಹತ್ತನೇ ಸಾಲು ತೋರಿಸಿ ಇದರಲ್ಲಿ ತಪ್ಪೇನು ಎಂದು ಕೇಳಿದರು. ಮರುದಿನ ಬೆಳಗ್ಗೆ ಬಂದಾಗ ಮುಖ ಸಣ್ಣದಾಗಿತ್ತು.

"ಎಂತ ಅಂದ್ರು ಸಾರ್?"

"ಎಲ್ಲಾ ಸರಿ ಉಂಟು ಅಂದ್ರು. ಟೈಪ್ ಮಾಡೋರು ತಪ್ಪು ಮಾಡ್ತಿರಬಹುದು ಅಂದ್ರು. ಅದು ಮಾತ್ರ ಸಾಧ್ಯ ಇಲ್ಲ ಸ್ವಾಮಿ, ನಮ್ಮ ಟೈಪಿಸ್ಟಮ್ಮನ ಕೈ ತಪ್ಪೋದಿಲ್ಲ ಅಂದೆ." ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ, "ಅವರ ಕಣ್ಣಿಗೂ ಕಾಣಲ್ಲ ಅಂದ್ರೆ ಎಷ್ಟು ಸೂಕ್ಷ್ಮದ ತಪ್ಪು ಮಾಡಿದೀನೋ ನೋಡು" ಎಂದರು.

ನನಗೆ ಹೆಮ್ಮೆಯಾಯಿತು. ನಿಜವಾಗಿಯೂ ಹೆಮ್ಮೆಯಾಯಿತು. ಈಗ ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ಶುಕ್ರವಾರ ಸಾಹೇಬರು ಬಂದರು. ಅವರು ಬರುವ ಮೊದಲೇ ಮೇಷ್ಟ್ರ ಕೊನೆಯ ತಿದ್ದುಪಡಿಯನ್ನು ಟೈಪ್ ಮಾಡಿ, ಟೀವಿಯ ಮೇಲಿನ ಬರಹ ಅಳಿಸಿ ಚೊಕ್ಕ ಮಾಡಿಟ್ಟಿದ್ದೆ. ಕೋಣೆಯ ಬಾಗಿಲು ಕಿಟಕಿಯ ತುಂಬ ಮಕ್ಕಳು. ಸಾಹೇಬರು ಹತ್ತೊಂಬತ್ತರ ಮಗ್ಗಿ ಕೇಳಿದರು. ನಾನು ರನ್ ಒತ್ತಿದೆ. ಯಂತ್ರ ಅದೇ ಮಾತು ಹೇಳಿತು. ಮತ್ತೊಮ್ಮೆ ಒತ್ತಿದೆ. ಮತ್ತೆ ಅದೇ.

"ತಪ್ಪು ನನ್ನದು ಸಾರ್" ಎಂದರು ಮೇಷ್ಟ್ರು. "ಬರೆದವನು ನಾನು. ಇವಳು ಬರೆದದ್ದನ್ನ ಇದ್ದ ಹಾಗೇ ಟೈಪ್ ಮಾಡಿದಾಳೆ."

ಸಾಹೇಬರು ಕೆಟ್ಟವರೇನಲ್ಲ, ತಮಾಷೆಯ ಸ್ವಭಾವ. "ಇರ್ಲಿ ಬಿಡಿ ಮೇಷ್ಟ್ರೇ. ಅದಕ್ಕೆ ಬರದಿದ್ರೆ ನೀವೇ ಹೇಳಿಬಿಡಿ" ಎಂದು ನಕ್ಕರು. ಹೆಡ್‌ಮಾಸ್ಟರೂ ನಕ್ಕರು, ಮಕ್ಕಳೂ ನಕ್ಕರು. ಮೇಷ್ಟ್ರು ಕೈಕಟ್ಟಿ ನಿಂತು ಹೇಳತೊಡಗಿದರು. ಹತ್ತೊಂಬತ್ತೊಂದ್ಲಿ ಹತ್ತೊಂಬತ್ತು, ಹತ್ತೊಂಬತ್ತೆರಡ್ಲಿ ಮೂವತ್ತೆಂಟು. ಆರರವರೆಗೆ ಬಂದರು. ಹತ್ತೊಂಬತ್ತೇಳ್ಲಿ ಅಂದವರು ನಿಂತುಬಿಟ್ಟರು. ಕಿಟಕಿಯಲ್ಲಿದ್ದ ಯಾವುದೋ ಮಗು ನೂರಾ ಮೂವತ್ತಮೂರು ಎಂದು ಕೂಗಿತು.

ಯಂತ್ರವನ್ನು ಅದೇ ಜೀಪಿನಲ್ಲಿ ಒಯ್ದರು. ಅವತ್ತು ನಾನು ಸಾಗರಕ್ಕೆ ವಾಪಸು ಬಂದಾಗ ಅಮ್ಮ ಮುಖ ನೋಡಿ, "ಎಂತ ಆತೇ ನಿಂಗೆ? ಮುಖ ಎಂತಕ್ಕೆ ಹಿಂಗಿದ್ದು?" ಎಂದಳು. "ಎಂತ ಇಲ್ಲೆ" ಎಂದೆ.

ಯಂತ್ರ ಹೋದದ್ದಕ್ಕಿಂತ ಕೆಟ್ಟದ್ದು ಆಮೇಲೆ ಶುರುವಾಯಿತು. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗಿ, "ಸರಿ ಉಂಟೇನ್ರೋ?" ಎಂದು ಮಕ್ಕಳನ್ನು ಕೇಳತೊಡಗಿದರು. ಮೊದಮೊದಲು ಮಕ್ಕಳು ಹೌದು ಸಾರ್ ಅಂದವು, ಆಮೇಲೆ ತಮಾಷೆಗೆ ಇಲ್ಲ ಸಾರ್ ಅನ್ನತೊಡಗಿದವು. ಅವರು ನಂಬಿ, ಸರಿಯಿದ್ದ ಲೆಕ್ಕವನ್ನು ಒರೆಸಿ ಮತ್ತೆ ಮಾಡುತ್ತಿದ್ದರು. ನಿವೃತ್ತಿಯ ದಿನ ಭಾಷಣ ಮಾಡಲಿಲ್ಲ, ಕೈಮುಗಿದು ಕೂತರು.

ಎರಡು ಮೂರು ವರ್ಷ ಕಳೆದು, ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸು ತೆರೆಯಿತು. ಸೇರಿದೆ. ಮೊದಲ ದಿನವೇ ಅಲ್ಲಿನ ಮೇಷ್ಟ್ರು ಬೋರ್ಡಿನ ತಲೆಯಲ್ಲಿ ‘ಹತ್ತು’ ಎಂದು ಬರೆದು, ಇದು ಪ್ರೋಗ್ರಾಮಿನ ಮೊದಲ ಸಾಲು ಎಂದರು. ಆ ಯಂತ್ರ ಅವತ್ತು ತಪ್ಪು ಅಂದದ್ದು ನನ್ನ ಶ್ರೀಯನ್ನು, ಮೇಷ್ಟ್ರ ಸಾಲನ್ನಲ್ಲ! ಯಂತ್ರಕ್ಕೆ ಅರ್ಥವಾಗದ್ದನ್ನು ಬರೆಯಬೇಕಾದರೆ ಸಾಲಿನ ಶುರುವಿಗೆ ಒಂದು ಗುರುತು ಹಾಕಿ, ಯಂತ್ರ ಅದನ್ನು ಓದದೆ ಮುಂದೆ ಹೋಗುತ್ತದೆ ಎಂದೂ ಅವತ್ತೇ ಹೇಳಿಕೊಟ್ಟರು. ಇಷ್ಟೇ ಇಷ್ಟು. ಅಳು ಬಂತು.

ಆ ಭಾನುವಾರವೇ ತೀರ್ಥಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಮೇಷ್ಟ್ರು ಬಾಗಿಲಿಗೇ ಬಂದರು, ಬಹಳ ಸಂತೋಷಪಟ್ಟರು. ಕೂರುವ ಮೊದಲೇ, "ಆ ಹತ್ತನೇ ಸಾಲಿಗೆ ಎಂತಾದ್ರೂ ದಾರಿ ಸಿಕ್ತೇನೇ?" ಎಂದರು. ಅದೇ ಹೊತ್ತಿಗೆ ಅವರ ಹೆಂಡತಿ ಮಜ್ಜಿಗೆ ತಂದರು. ಮೇಷ್ಟ್ರು ಅವರ ಕಡೆ ತಿರುಗಿ, "ಇವಳೇ ಕಣೆ, ನಾ ಹೇಳ್ತಿದ್ನಲ್ಲ. ಒಂದಕ್ಷರ ಆಚೆ ಈಚೆ ಆಗ್ತಿರಲಿಲ್ಲ ಇವಳ ಕೈಯಲ್ಲಿ" ಎಂದರು.

"ಇಲ್ಲ ಸಾರ್, ಸಿಗಲಿಲ್ಲ" ಎಂದುಬಿಟ್ಟೆ.

"ಸಿಕ್ಕಿದ್ರೆ ಒಂದು ಕಾರ್ಡು ಹಾಕು ಮಾರಾಯ್ತಿ. ಮರೀಬೇಡ."

ಮರೆಯಲಿಲ್ಲ. ಕಾರ್ಡು ಕೊಂಡು ವಿಳಾಸವನ್ನೂ ಬರೆದಿಟ್ಟಿದ್ದೆ. ನಾಳೆ ಬರೆದರಾಯಿತು, ಮಳೆಗಾಲ ಕಳೆಯಲಿ, ಎದುರೇ ಹೋಗಿ ಹೇಳುವುದು ಒಳ್ಳೆಯದು, ಈಗ ಅವರಿಗೆಲ್ಲಿ ಅದು ನೆನಪಿದ್ದೀತು, ಹೀಗೆ ಒಂದಾದ ಮೇಲೊಂದು ನೆಪ ಹುಡುಕಿದೆ. ನಾನು ಹೇಡಿ, ಬೇರೆ ಮಾತೇನೂ ಬೇಡ. ಆಮೇಲೆ ಅವರು ಹೋದ ಸುದ್ದಿಯೇ ಬಂತು.

ಈಗ ಈ ನೋಟ್‌ಬುಕ್. ಮೊದಲ ಪುಟದಲ್ಲಿ ಆ ಹದಿನೈದು ಸಾಲು. ಎರಡನೇ ಪುಟದಿಂದ ಬರೀ ಹತ್ತನೇ ಸಾಲು. ಚಿಹ್ನೆ ಅಲ್ಲಿಂದ ತೆಗೆದು ಇಲ್ಲಿಟ್ಟು, ಇಲ್ಲಿಂದ ತೆಗೆದು ಅಲ್ಲಿಟ್ಟು, ಪುಟದ ಮೇಲೆ ಪುಟ. ಶಾಯಿ ಬದಲಾಗಿದೆ, ಪೆನ್ನು ಹೋಗಿ ಪೆನ್ಸಿಲ್ ಬಂದಿದೆ, ಅಕ್ಷರ ನಡುಗಲು ಶುರುವಾಗಿದೆ. ಕೊನೆಯ ಪುಟದಲ್ಲಿ ಮೊದಲನೆಯ ದಿನ ಹೇಗೆ ಬರೆದಿದ್ದರೋ ಅದೇ ಸಾಲು, ಒಂದು ಚುಕ್ಕೆಯೂ ವ್ಯತ್ಯಾಸವಿಲ್ಲದೆ. ಅದರ ಮುಂದೆ ಒಂದು ಪ್ರಶ್ನೆ ಚಿಹ್ನೆ.

ನೋಟ್‌ಬುಕ್ ಮುಚ್ಚಿ ಕನ್ನಡಕ ಹಾಕಿಕೊಂಡೆ. ಮೂರನೇ ಸಾಲು ಬಿಟ್ಟು ತಲೆಯೆತ್ತಿ ಫೈಲಿನ ತುದಿ ನೋಡಿದೆ. ಇತ್ತು. ಎಸ್ ಎಚ್ ಆರ್ ಇ ಇ. ಬೆಳಗ್ಗೆ ಯಾವಾಗ ಹಾಕಿದೆನೋ ದೇವರಾಣೆ ನನಗೆ ಗೊತ್ತಿಲ್ಲ. ಇಷ್ಟು ವರ್ಷ ಕಳೆದರೂ ಈ ಬೆರಳುಗಳಿಗೆ ಬುದ್ಧಿ ಬಂದಿಲ್ಲ. ಪರ್ಲ್ ಎಡವಿದ್ದು ಅಲ್ಲಿ, ಕೂಗಿದ್ದು ಮೂರನೇ ಸಾಲಿಗೆ ಬಂದ ಮೇಲೆ.

ಅಳಿಸಲು ಮನಸ್ಸಾಗಲಿಲ್ಲ. ಒಂದು ಸಾಲು ಕೆಳಗಿಳಿಸಿ, ಅದರ ಶುರುವಿಗೆ ಓದದೆ ಮುಂದೆ ಹೋಗು ಎನ್ನುವ ಆ ಗುರುತು ಹಾಕಿದೆ. ಯಂತ್ರ ಗೊಣಗಲಿಲ್ಲ. ಪುಟ ತೆರೆಯಿತು. ಹೆಸರು, ಊರು, ನಿಮ್ಮ ಮಾತು ಎಂದು ಮೂರು ಖಾಲಿ ಚೌಕ. ಮೊದಲೆರಡು ತುಂಬಿಸಿದೆ. ಮೂರನೆಯದರಲ್ಲಿ ಬರೆದೆ: "ಸಾರ್, ನಿಮ್ಮ ಹತ್ತನೇ ಸಾಲು ಮೊದಲ ದಿನದಿಂದಲೂ ಸರಿ ಇತ್ತು. ತಪ್ಪಿದ್ದು ನನ್ನ ಕೈ. ನಿಮ್ಮ ಮನೆಗೆ ಬಂದ ದಿನ ನನಗೆ ಅದು ಗೊತ್ತಿತ್ತು."

ಗುಂಡಿ ಒತ್ತಿದೆ. ‘ನಿಮ್ಮ ಮಾತು ತಲುಪಿದೆ, ಧನ್ಯವಾದ’ ಎಂದು ಬಂತು. ನಿನ್ನೆ ಆ ವಾಕ್ಯವನ್ನು ಕನ್ನಡಕ್ಕೆ ಮಾಡಿ ಸೇರಿಸಿದವಳು ನಾನೇ. ಅದೊಂದು ಸಾಲು ಮಾತ್ರ ತಪ್ಪು.