ಅಕ್ಕನ ಪಾಲು

ಕುಟ್ಟಾಣಿಯ ಸದ್ದು — ಟಕ್, ಟಕ್ — ಈಗಲೂ ಕಿವಿಯಲ್ಲಿದೆ. ಹೊಳೆನರಸೀಪುರದ ಸಬ್‌ರಿಜಿಸ್ಟ್ರಾರ್ ಆಫೀಸಿನಿಂದ ಹಳ್ಳಿಮೈಸೂರಿಗೆ ವಾಪಸಾಗುವಾಗ ಅಕ್ಕ ಕಾರಿನಲ್ಲಿ ನನ್ನ ಪಕ್ಕ ಕೂತು ಎಲೆಅಡಿಕೆ ಕುಟ್ಟುತ್ತಿದ್ದಳು. ಅವಳ ಪಾಲಿನ ಹಣ, ಚೆಕ್ಕಿನ ರೂಪದಲ್ಲಿ, ನನ್ನ ಹ್ಯಾಂಡ್‌ಬ್ಯಾಗಿನಲ್ಲಿತ್ತು. ಅದು ಅವಳದೆಂದು ನಾನು ಹೇಳಲಿಲ್ಲ — ಅಂದೂ, ಆಮೇಲೆ ಎಂದೂ. ಈಗ ಅಕ್ಕ ಇಲ್ಲ. ನಿಮಗೆ ಹೇಳುತ್ತಿದ್ದೇನೆ.

ಅಪ್ಪ ನನ್ನನ್ನು ಹಾಸನದ ಕಾನ್ವೆಂಟಿಗೆ ಹಾಕಿದರು. ಅಕ್ಕನನ್ನು ಮದುವೆ ಮಾಡಿ ಕಳಿಸಿದರು. ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡು ಬಂದವಳು ತಮ್ಮ ಪುಟ್ಟಸ್ವಾಮಿಯ ಮನೆಯಲ್ಲಿ ಹಸು ನೋಡಿಕೊಂಡು ಇದ್ದುಬಿಟ್ಟಳು. ನಾಲೆ ಪಕ್ಕದ ಗದ್ದೆ ಮಾರುವಾಗ ತಮ್ಮನಿಗೆ ನಮ್ಮಿಬ್ಬರ ಸಹಿ ಬೇಕಾಯಿತು. ನಮ್ಮ ಕಡೆ ಹೆಣ್ಣುಮಕ್ಕಳು ಅರಿಶಿನ-ಕುಂಕುಮಕ್ಕೆಂದು ಒಂದು ಸೀರೆ ತೆಗೆದುಕೊಂಡು ಹಕ್ಕು ಬಿಟ್ಟುಕೊಡುವುದೇ ವಾಡಿಕೆ. ದುಡ್ಡು ಕೇಳಿದವಳಿಗೆ ತವರು ಇಲ್ಲ. ನಾನು ರಿಟೈರ್ಡ್ ಟೀಚರ್, ಲಾ ಗೊತ್ತಿದ್ದವಳು — ಈಕ್ವಲ್ ಷೇರ್ ಬೇಕೆಂದು ಪಟ್ಟು ಹಿಡಿದೆ. ತಮ್ಮ ಮುಖ ಸಣ್ಣದು ಮಾಡಿಕೊಂಡನೇ ಹೊರತು ಮೋಸ ಮಾಡಲಿಲ್ಲ. ಇಬ್ಬರ ಪಾಲನ್ನೂ ಸೇರಿಸಿ ನನ್ನ ಹೆಸರಿಗೇ ಚೆಕ್ಕು ಬರೆದ.

"ದೊಡ್ಡಕ್ಕಂಗೆ ಬ್ಯಾಂಕು ಗೀಂಕು ತಿಳಿಯಕಿಲ್ಲ. ಅವ್ಳ ಮುಪ್ಪಿಗೆ ಆಯ್ತದೆ, ನೀನೇ ಮಡಿಕ್ಕೊಂಡಿರಕ್ಕ," ಎಂದ. ಅಕ್ಕ ಆಗ ಹೊರಗಿನ ಬೆಂಚಿನ ಮೇಲಿದ್ದಳು.

ಕಾರಿನಲ್ಲಿ ಅಕ್ಕ ಹೊಸ ಸೀರೆಯ ಅಂಚು ಸವರುತ್ತಾ ನಕ್ಕಳು. "ಕುಂಕ್ಮ ಇಡದೋಳ್ಗೆ ಕುಂಕ್ಮದ್ ಸೀರೆ ಕೊಟ್ಟವ್ನೆ ನೋಡೇ ಸರೂ, ನಿನ್ ತಮ್ಮ."

ಅವಳಿಗೆ ಸಿಕ್ಕಿದ್ದು ಸೀರೆಯೊಂದೇ ಎಂದು ಅವಳು ತಿಳಿದಿದ್ದಾಳೆ — ಆಗ ನನಗೆ ಹೊಳೆಯಿತು. ಬಾಯಿ ತೆರೆದೆ. ಮನೆಗೆ ಹೋದ ಮೇಲೆ ಹೇಳೋಣ, ಮುಂದಿನ ಸಲ ಬಂದಾಗ...

ಹಣವನ್ನು ಫಿಕ್ಸೆಡ್ ಡಿಪಾಸಿಟ್ ಇಟ್ಟೆ. ನನ್ನೊಬ್ಬಳ ಹೆಸರಲ್ಲಿ. ಜಾಯಿಂಟ್ ಮಾಡಬಹುದಿತ್ತು, ಮಾಡಲಿಲ್ಲ. ಒಂಟಿ ಹೆಂಗಸು ನಾನು, ನಾಳೆ ಸ್ಟ್ರೋಕ್ ಆದರೆ ಗತಿಯೇನು ಎಂಬ ಭಯ. ಆ ಹಣ ಇದೆ ಎಂದುಕೊಂಡರೆ ಕಣ್ಣಿಗೆ ನಿದ್ದೆ ಹತ್ತುತ್ತಿತ್ತು. ಇದನ್ನು ಸಮರ್ಥನೆಗೆ ಹೇಳುತ್ತಿಲ್ಲ. ಪುಟ್ಟಸ್ವಾಮಿ ಹಾರ್ಟ್ ಅಟ್ಯಾಕಿನಿಂದ ಹೋದಾಗ ಅತ್ತೆ, ನಿಜವಾಗಿಯೇ ಅತ್ತೆ. ಆದರೆ ಆ ಹಣದ ವಿಷಯ ಗೊತ್ತಿದ್ದ ಒಬ್ಬನೇ ಒಬ್ಬನೂ ಹೋದ ಎಂಬ ಹಗುರವೂ ಆ ಅಳುವಿನೊಳಗೆ — ಇತ್ತು.

ಆಮೇಲೆ ಅಕ್ಕ ಕೊಟ್ಟಿಗೆಯಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಚನ್ನರಾಯಪಟ್ಟಣದ ಹೊರಗಿನ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆ. ಆ ಡಿಪಾಸಿಟ್ಟಿನ ಬಡ್ಡಿಯಿಂದಲೇ ಫೀಸು ಕಟ್ಟಿದೆ. ಅಕ್ಕ ಮಾತ್ರ ತಂಗಿ ತನ್ನ ಪೆನ್ಷನ್‌ನಲ್ಲಿ ಸಾಕುತ್ತಿದ್ದಾಳೆಂದು ಪಕ್ಕದ ಮಂಚದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ನನಗೆ ಖರ್ಚು ಉಳಿಸಲೆಂದು ಬೇರೆ ರೂಮು ಬೇಡವೆಂದಳು. ಸಂಜೆಯ ಹಾಲು ಬಿಟ್ಟಳು. ಕಣ್ಣಿಗೆ ಪೊರೆ ಬಂದಾಗ ಆಪರೇಷನ್ ಮಾಡಿದರೆ ಚೆನ್ನಾಗಿ ಕಾಣುತ್ತದೆಂದು ಡಾಕ್ಟರು ಹೇಳಿದರು. ಅಕ್ಕ ತಲೆಯಾಡಿಸಿದಳು.

"ಇನ್ನ ನಾನೇನ್ ನೋಡ್ಬೇಕು ಸರೂ? ನಿಂಗೂ ಮುಪ್ಪು ಬತ್ತದೆ ಕಣೆ, ದುಡ್ಡ ಮಡಗು."

ಒಂದು ಮಾತು ಸಾಕಿತ್ತು — ದುಡ್ಡು ನಿನ್ನದೇ ಅಕ್ಕ, ಎಂದು. ನಾನು "ನಿನ್ನಿಷ್ಟ" ಎಂದೆ. ಅವಳ ಕಣ್ಣು ನಂದಿದ್ದು ಆ ಪೊರೆಯಿಂದಲ್ಲ, ನನ್ನ ಆ ಮಾತಿನಿಂದ.

ಕೊನೆಯ ಸಲ ಹೋದಾಗ ಅಕ್ಕ ನನ್ನ ಹೆಜ್ಜೆಯ ಸದ್ದಿಗೇ ಎದ್ದು ಕೂತಳು. ತಲೆದಿಂಬಿನಡಿಯಿಂದ ಆ ಸೀರೆ ತೆಗೆದಳು. ಮಡಿಕೆ ಕೂಡ ಬಿಚ್ಚಿರಲಿಲ್ಲ. ಅಂಚನ್ನು ಬೆರಳಲ್ಲಿ ತಡವಿ ನೋಡಿ ನನ್ನ ಮಡಿಲಿಗೆ ತಳ್ಳಿದಳು.

"ನಿನ್ ಋಣ ತೀರ್ಸಕ್ಕೆ ನನ್ ತಾವ ಇನ್ನೇನೈತೆ? ಉಟ್ಕೊ."

ತೆಗೆದುಕೊಂಡೆ. ಬೇಡವೆನ್ನಲಿಲ್ಲ. ಬಾಗಿಲವರೆಗೂ ಹೋಗಿ ತಿರುಗಿ ನೋಡಿದೆ. ಅಕ್ಕ ಕೈಯೆತ್ತಿ ನನ್ನನ್ನು ಬೀಳ್ಕೊಡುತ್ತಿದ್ದಳು — ಕಿಟಕಿಯ ಕಡೆಗೆ ಮುಖ ಮಾಡಿ, ನಾನು ಅಲ್ಲಿದ್ದೇನೆಂದುಕೊಂಡು.